‘ಎಚ್‌ಸಿವಿ ರಿಯಾಕ್ಟಿವ್’ ಎಂದು ಬಂದರೆ ಮುಂದೇನು ಮಾಡಬೇಕು?

ಆಪರೇಷನ್‌ಗೋ ಹೆರಿಗೆಗೋ ಮುನ್ನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ‘ಆಂಟಿ ಎಚ್‌ಸಿವಿ: ರಿಯಾಕ್ಟಿವ್’ ಎಂದು ಬಂದಾಗ ಕೆಲವರು ಲಿವರ್ ಕೆಟ್ಟೇಹೋಯಿತೆಂದು ಕಂಗಾಲಾಗಿ ಕಾಮಾಲೆಯ ನಾಟಿ ಔಷಧದ ಬೆನ್ನುಹತ್ತುತ್ತಾರೆ. ಇನ್ನು ಕೆಲವರು ‘ಪ್ರತಿಕಾಯ ಇದೆಯಲ್ಲ, ದೇಹವೇ ನೋಡಿಕೊಳ್ಳುತ್ತದೆ’ ಎಂದು ವರದಿಯನ್ನು ಬೀರುವಿಗೆ ಸೇರಿಸುತ್ತಾರೆ. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯದ್ದು.

ಹೆಪಟೈಟಿಸ್ ಸಿ (ಎಚ್‌ಸಿವಿ) ರಕ್ತದಿಂದ ರಕ್ತಕ್ಕೆ ಹರಡುವ ವೈರಸ್. ಸೋಂಕು ತಗುಲಿ ಸುಮಾರು ಎರಡು–ಮೂರು ತಿಂಗಳಲ್ಲಿ ರಕ್ತದಲ್ಲಿ ಪ್ರತಿಕಾಯಗಳು ಕಾಣಿಸುತ್ತವೆ. ಇವುಗಳಲ್ಲಿ ಕೆಲವು ವೈರಸ್‌ನ ಹೊರಕವಚದ ಇ2 ಪ್ರೋಟೀನಿಗೆ ಅಂಟಿಕೊಂಡು, ಅದು ಲಿವರ್ ಕೋಶದೊಳಕ್ಕೆ ನುಗ್ಗದಂತೆ ತಡೆಯುತ್ತವೆ. ಆದರೆ ಈ ವೈರಸ್ ವೇಷಧಾರಿ. ಪ್ರತಿಕಾಯ ಗುರುತು ಹಿಡಿಯುವಷ್ಟರಲ್ಲಿ ಆ ಭಾಗದ ರೂಪವನ್ನೇ ಬದಲಿಸಿಕೊಂಡಿರುತ್ತದೆ. ಹಾಗಾಗಿ ಆರು ತಿಂಗಳೊಳಗೆ ಚಿಕಿತ್ಸೆಯಿಲ್ಲದೆ ಗುಣವಾಗುವವರು ನೂರಕ್ಕೆ 15ರಿಂದ 45 ಮಂದಿ ಮಾತ್ರ. ಉಳಿದವರಲ್ಲಿ ಅದು ವರ್ಷಾನುಗಟ್ಟಲೆ ಸದ್ದಿಲ್ಲದೆ ಲಿವರನ್ನು ಕೆಡಿಸುತ್ತದೆ. ಲಸಿಕೆಯೂ ಇನ್ನೂ ಬಂದಿಲ್ಲ.

ಮೊದಲ ಹೆಜ್ಜೆ: ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ ಮಾಡಿಸಿ. ‘ವೈರಲ್ ಲೋಡ್’ ಎಂದರೂ ಲ್ಯಾಬಿನವರಿಗೆ ತಿಳಿಯುತ್ತದೆ. ವೈರಸ್ ಈಗ ರಕ್ತದಲ್ಲಿದೆಯೇ ಎಂದು ಹೇಳುವುದು ಇದೇ. ಆಂಟಿ ಎಚ್‌ಸಿವಿ ಎಂಬ ಪ್ರತಿಕಾಯದ ಪರೀಕ್ಷೆ ಹೇಳುವುದು, ವೈರಸ್ ಎಂದಾದರೂ ದೇಹದೊಳಗೆ ಬಂದಿತ್ತು ಎಂಬುದನ್ನಷ್ಟೇ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಆಂಟಿ ಎಚ್‌ಸಿವಿ ವರದಿಯಲ್ಲಿ ‘ರಿಯಾಕ್ಟಿವ್’ ಪಕ್ಕದಲ್ಲಿ 9.4 ಅಥವಾ 14.2 ಎಂಬಂಥ ಸಂಖ್ಯೆ ಇರುತ್ತದೆ. ಅದು ಪರೀಕ್ಷಾ ಯಂತ್ರಕ್ಕೆ ಸಿಕ್ಕ ಸಂಕೇತದ ಅಳತೆ, ವೈರಸ್‌ನ ಲೆಕ್ಕವಲ್ಲ. ಅದು ಇಳಿದರೆ ಕಾಯಿಲೆ ಇಳಿಯಿತೆಂದಲ್ಲ, ಏರಿದರೆ ಉಲ್ಬಣಿಸಿತೆಂದೂ ಅಲ್ಲ. ಪೂರ್ತಿ ಗುಣವಾದವರಲ್ಲೂ ಪ್ರತಿಕಾಯ ಹತ್ತಾರು ವರ್ಷ ಉಳಿಯುತ್ತದೆ. ಚಿಕಿತ್ಸೆ ಮುಗಿಸಿದವರು ‘ಒಮ್ಮೆ ನೋಡೋಣ’ ಎಂದು ಮತ್ತದೇ ಪರೀಕ್ಷೆ ಮಾಡಿಸಿ, ಮತ್ತೆ ‘ರಿಯಾಕ್ಟಿವ್’ ಕಂಡು, ಔಷಧ ಕೆಲಸ ಮಾಡಲಿಲ್ಲವೆಂದು ಎದೆಗುಂದುವುದನ್ನು ನೋಡಿ ನೋಡಿ ಸಾಕಾಗಿದೆ. ದಯವಿಟ್ಟು ಒಮ್ಮೆ ರಿಯಾಕ್ಟಿವ್ ಬಂದವರು ಆ ಪರೀಕ್ಷೆಗೆ ಮತ್ತೆ ದುಡ್ಡು ಸುರಿಯಬೇಡಿ. ಸೋಂಕಿರುವ ತಾಯಿಯ ಕೂಸಿಗೂ 18 ತಿಂಗಳು ತುಂಬುವ ಮುನ್ನ ಇದನ್ನು ಮಾಡಿಸಿ ಪ್ರಯೋಜನವಿಲ್ಲ. ಕಾಣುವುದು ತಾಯಿಯಿಂದ ಬಂದ ಪ್ರತಿಕಾಯವೂ ಆಗಿರಬಹುದು.

ಆರ್‌ಎನ್‌ಎ ‘ನಾಟ್ ಡಿಟೆಕ್ಟೆಡ್’ ಎಂದರೆ ಸದ್ಯ ಸೋಂಕಿಲ್ಲ, ಔಷಧ ಬೇಡ. ಇತ್ತೀಚೆಗಷ್ಟೇ ಸೋಂಕು ತಗುಲಿರಬಹುದೆಂಬ ಅನುಮಾನವಿದ್ದರೆ ವೈದ್ಯರು ಮತ್ತೊಮ್ಮೆ ಮಾಡಿಸಲು ಹೇಳುತ್ತಾರೆ.

‘ಡಿಟೆಕ್ಟೆಡ್’ ಎಂದು ಬಂದರೆ ಎರಡನೇ ಹೆಜ್ಜೆ: ಲಿವರ್ ಫಂಕ್ಷನ್ ಟೆಸ್ಟ್, ಪ್ಲೇಟ್‌ಲೆಟ್ ಎಣಿಕೆ, ಹೊಟ್ಟೆಯ ಸ್ಕ್ಯಾನ್. ಲಿವರ್ ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ಔಷಧದ ಆಯ್ಕೆ ನಿಂತಿದೆ. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಬಿಡಬೇಡಿ. ಬಿ ವೈರಸ್ ಒಳಗಿದ್ದರೆ, ಸಿ ಚಿಕಿತ್ಸೆಯ ವೇಳೆ ಅದು ಕೆರಳಿ ಪ್ರಾಣಕ್ಕೇ ಕುತ್ತಾಗಬಹುದು.

ಮೂರನೆಯದು ಔಷಧ. ಸೊಫೊಸ್‌ಬುವಿರ್ ಜೊತೆಗೆ ಡಾಕ್ಲಾಟಸ್ವಿರ್ ಅಥವಾ ವೆಲ್ಪಟಸ್ವಿರ್ ಮಾತ್ರೆ, ಬಹುತೇಕರಿಗೆ 12 ವಾರ. ಗುಣವಾಗುವವರು ನೂರಕ್ಕೆ 95ರಷ್ಟು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಸಾಲ ಮಾಡುವ ಮುನ್ನ ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ. ಹೃದಯಕ್ಕೆ ಅಮಿಯೊಡರಾನ್ ನುಂಗುತ್ತಿರುವವರು, ಅಸಿಡಿಟಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಲೇಬೇಕು.

ಕೊನೆಯ ಮಾತ್ರೆ ನುಂಗಿ 12 ವಾರಗಳ ನಂತರ ಮತ್ತೆ ಆರ್‌ಎನ್‌ಎ ಮಾಡಿಸಿ. ವೈರಸ್ ಇಲ್ಲವೆಂದರೆ ಗುಣವಾದಂತೆ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿದ್ದವರು ಆಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸಬಾರದು. ಹಳೆಯ ಪ್ರತಿಕಾಯ ಹೊಸ ಸೋಂಕನ್ನು ತಡೆಯುತ್ತದೆಂದು ನಂಬಬೇಡಿ. ಬೇರೆಯವರ ಸೂಜಿ, ರೇಜರ್ ಮುಟ್ಟಬೇಡಿ. ವೈರಸ್ ಇಲ್ಲವೆಂದ ಆ ಆರ್‌ಎನ್‌ಎ ವರದಿಯ ಒಂದು ಪ್ರತಿಯನ್ನು ಸದಾ ಜೊತೆಗಿಟ್ಟುಕೊಂಡು, ಮುಂದೆ ಯಾವ ಆಸ್ಪತ್ರೆಯಲ್ಲಿ ‘ರಿಯಾಕ್ಟಿವ್’ ಎಂದರೂ ತೋರಿಸಿ.