ಹುಳುಮನೆಯೂ ಹೆಣ್ಣುಮಕ್ಕಳ ಓದೂ

ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲವೆಂಬ ಮಾತು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ವಿದ್ಯಾವಂತರ ಬಾಯಲ್ಲೂ ಅದನ್ನು ಕೇಳುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ, ನಿಜವಲ್ಲವಾದರೆ ಅದು ಹುಟ್ಟಿದ್ದೆಲ್ಲಿ ಎಂಬುದನ್ನು, ಕುಂತೂರಿನ ಸುತ್ತಮುತ್ತ ನಾನು ಕಂಡಷ್ಟರಲ್ಲಿ, ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಚರಿತ್ರೆ. ಮೈಸೂರಿನಲ್ಲಿ 1881ರಲ್ಲಿಯೇ ಅರಮನೆಯ ಆಶ್ರಯದಲ್ಲಿ ಹೆಣ್ಣುಮಕ್ಕಳ ಪಾಠಶಾಲೆ ಆರಂಭವಾಯಿತು. ಅದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. 1894ರಲ್ಲಿ ಸಂಸ್ಥಾನದ ಸರ್ಕಾರವು ಎಂಟು ವರ್ಷ ತುಂಬದ ಹುಡುಗಿಯರ ವಿವಾಹವನ್ನು ನಿಷೇಧಿಸಿತು. ಎಂಟು ಎಂಬ ಆ ಅಂಕೆಯನ್ನು ಇಂದು ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅಷ್ಟು ಕೂಡ ನಮ್ಮ ಪಾಲಿಗೆ ಬರಲಿಲ್ಲ. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕಾದರೋ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಆಚೆಯ ಊರಿಗೆ ಇದ್ದ ಕಟ್ಟಳೆ ಈಚೆಯ ಊರಿಗೆ ಇರಲಿಲ್ಲ. ನಾವು 1930ರಲ್ಲಿ ಶಾರದಾ ಕಾಯಿದೆ ಜಾರಿಗೆ ಬರುವತನಕ ಕಾಯಬೇಕಾಯಿತು.

2011ರ ಜನಗಣತಿಯ ಪ್ರಕಾರ ಚಾಮರಾಜನಗರ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಗಂಡಸರು ನೂರಕ್ಕೆ ಸುಮಾರು 68, ಹೆಂಗಸರು ಸುಮಾರು 55. ಇದಕ್ಕೆ ಚರಿತ್ರೆಯೊಂದನ್ನೇ ದೂರಿ ಸುಮ್ಮನಾಗುವಂತಿಲ್ಲ. ಮನೆಯೊಳಗೆ ಕೆಲಸ ಹಂಚಿಕೆಯಾಗುವ ಬಗೆಯನ್ನೂ ನೋಡಬೇಕು.

ರೇಷ್ಮೆ ಸಾಕಣೆ ನಮ್ಮ ತಾಲ್ಲೂಕಿನ ಹಳೆಯ ಕಸುಬು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು ಪೊರೆ ಕಳಚುತ್ತದೆ. ನಾಲ್ಕನೆಯ ಜ್ವರದಿಂದ ಎದ್ದಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಕೊನೆಯ ಏಳೆಂಟು ದಿನಗಳಲ್ಲೇ ಮುಗಿಯುತ್ತದೆ. ಆಮೇಲೆ ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಹೊತ್ತು ಮೀರಿದರೆ ಗೂಡು ಕೆಡುತ್ತದೆ, ಸಾಲ ತೀರುವುದಿಲ್ಲ. ಆ ವಾರ ಹುಡುಗರೂ ದುಡಿಯುತ್ತಾರೆ, ಅದನ್ನು ಮರೆಮಾಚಬಾರದು. ಆದರೆ ಬೆಳಗಿನ ಸೊಪ್ಪು ತಂದುಹಾಕಿದ ಹುಡುಗ ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡುತ್ತಾನೆ. ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಹುಳುವಿನ ಕಸ ತೆಗೆಯುವುದು, ಮಧ್ಯಾಹ್ನದ ಸೊಪ್ಪು, ಇವುಗಳ ಮೇಲೆ ಅಡಿಗೆ, ನೀರು, ಪಾತ್ರೆ. “ಒಂದು ವಾರ ತಾನೆ” ಎನ್ನುತ್ತಾರೆ. ವರ್ಷಕ್ಕೆ ಐದು ಬೆಳೆಯಾದರೆ ಐದು ವಾರ.

ಚರಿತ್ರೆಯ ಪಾಠ ತಪ್ಪಿದರೆ ಗೆಳತಿಯ ಟಿಪ್ಪಣಿ ಪುಸ್ತಕದಿಂದ ಬರೆದುಕೊಳ್ಳಬಹುದು. ಬೀಜಗಣಿತ ಹಾಗಲ್ಲ; ಮೊದಲ ಮೆಟ್ಟಿಲು ತಪ್ಪಿದವಳಿಗೆ ಎರಡನೆಯದು ಎಟುಕುವುದಿಲ್ಲ. ಅಂಕಗಳು ಇಳಿಯುತ್ತವೆ. ಆಗ ಹಿರಿಯರು ಹೇಳುತ್ತಾರೆ: “ಹೆಣ್ಣಿಗೆ ಲೆಕ್ಕ ಹತ್ತಕಿಲ್ಲ, ಓದಿದ್ದು ಸಾಕು ಕನವ್ವ.” ಹೋದದ್ದು ಅವಳ ಹೊತ್ತು, ಕೊರತೆಯನ್ನು ಬರೆದಿಟ್ಟದ್ದು ಬುದ್ಧಿಯ ಖಾತೆಯಲ್ಲಿ. ಕೇಳಿ ಕೇಳಿ ಅವಳೂ ಅದನ್ನು ನಂಬುತ್ತಾಳೆ. ನಮ್ಮ ತರಗತಿಯಲ್ಲಿ ಕಲಾ ವಿಭಾಗವನ್ನು ಇಷ್ಟಪಟ್ಟು ಸೇರಿದವರಿದ್ದಾರೆ, ನಾನೂ ಒಬ್ಬಳು. ಲೆಕ್ಕಕ್ಕೆ ಹೆದರಿ ಸೇರಿದವರೂ ಇದ್ದಾರೆ.

2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರು ನೂರಕ್ಕೆ 81ರಷ್ಟು ತೇರ್ಗಡೆಯಾದರು; ಹುಡುಗರು 66ರಷ್ಟು. ಅಲ್ಲಿಯೂ ಗಣಿತವಿತ್ತು. ಹುಡುಗರು ಅಲೆಯುತ್ತಾರೆ, ಅದಕ್ಕೇ ಹೀಗೆ ಎನ್ನುವವರಿದ್ದಾರೆ. ಇರಬಹುದು, ಹುಡುಗಿಯರ ಬುದ್ಧಿ ಕಡಮೆಯೆಂಬ ವಾದಕ್ಕೆ ಅದರಿಂದ ಯಾವ ಬಲವೂ ಬರುವುದಿಲ್ಲ.

ದೇಹದ ಮಾತನ್ನೂ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಎಲ್ಲರೂ ಉಂಡಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿಯಲ್ಲಿ ಬೆಳೆದವಳು ಕೊನೆಯ ಗಂಟೆಯ ಪಾಠದಲ್ಲಿ ತೂಕಡಿಸಿದರೆ ಅದನ್ನು ಸೋಮಾರಿತನವೆನ್ನಬಹುದೆ? ಮುಟ್ಟಾದವಳು ಹುಳುಮನೆಯನ್ನು ಹೊಗಕೂಡದೆಂಬ ಕಟ್ಟಳೆಯೂ ಅನೇಕ ಕಡೆ ಉಂಟು. ಆ ಮೂರು ದಿನವಾದರೂ ಶಾಲೆಗೆ ಕಳುಹಿಸಬಹುದಷ್ಟೆ. ಕೆಲವು ಮನೆಗಳಲ್ಲಿ ಅದೂ ಇಲ್ಲ. ಇನ್ನು ಕಸಬರಿಕೆ ಹಿಡಿದ ಹುಡುಗನನ್ನು “ಹೆಣ್ಣಿಗ” ಎಂದು ನಗುವವರಿರುವಾಗ, ಅಕ್ಕನಿಗೆ ನೆರವಾಗುವ ಮನಸ್ಸಿರುವ ತಮ್ಮನೂ ಹಿಂದೆ ಸರಿಯುತ್ತಾನೆ.

ಸರ್ಕಾರ 2006–07ರಲ್ಲಿ ಬೈಸಿಕಲ್ ಕೊಡಲು ತೊಡಗಿತು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ದಾರಿಯ ನೆಪ ಬಹುಮಟ್ಟಿಗೆ ತೀರಿತು. ರೇಷ್ಮೆ ಕೆಲಸವೂ ಹಗುರವಾಗಿದೆ: ಎರಡು ಜ್ವರ ಕಳೆದ ಹುಳುವನ್ನು ಚಾಕಿ ಕೇಂದ್ರದಿಂದ ತರುತ್ತಾರೆ, ಎಲೆ ಬಿಡಿಸುವ ಬದಲು ರೆಂಬೆ ಸಹಿತ ಹಾಕುತ್ತಾರೆ. ಹೀಗೆ ಮಿಕ್ಕ ಹೊತ್ತು ಯಾರ ಪಾಲಿಗೆ ಹೋಯಿತು? ನಾನು ಬಲ್ಲ ಒಂದು ಮನೆಯಲ್ಲಿ, ಬಿಡುವಾಯಿತೆಂದು ಇನ್ನೆರಡು ಹಸು ಕಟ್ಟಿದರು. ಹಾಲು ಕರೆಯುವವಳು ಅದೇ ಹುಡುಗಿ.

ನಮ್ಮಲ್ಲಿ ಹಲವರು ನಾಳೆ ಬಿ.ಎಡ್. ಮುಗಿಸಿ ಇದೇ ಸೀಮೆಯ ಶಾಲೆಗಳಿಗೆ ಹೋಗುವವರು. ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ಸಾಲಾಗಿ ಆರೇಳು ಗೈರುಹಾಜರಿ ಕಂಡರೆ, ಆ ವಾರ ಗಣಿತದಲ್ಲಿ ಯಾವ ಪಾಠ ನಡೆದಿತ್ತೆಂದು ನೋಡಿ, ಅವಳು ಬಂದ ದಿನ ಸಂಜೆ ಅರ್ಧ ಗಂಟೆ ಕೂರಿಸಿಕೊಂಡು ಅದನ್ನು ಮೊದಲಿಂದ ಹೇಳಿಕೊಡಬಹುದು. ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಮಾತ್ರ ಮೊದಲೇ ವಿಚಾರಿಸಿಕೊಂಡಿರಬೇಕು.