ಹಾಡು ಕೊಂಡೆ, ಹೆಸರು ಕಳೆದೆ

2014ರಲ್ಲಿ ನನ್ನ ಸಾಫ್ಟ್‌ವೇರ್ ಕಂಪನಿಯ ಪಾಲು ಮಾರಿದ ದುಡ್ಡು ಕೈಯಲ್ಲಿತ್ತು. ಸುಮ್ಮನಿರಲಾಗದೆ ಗಾಂಧಿನಗರದ ಹಳೆಯ ಕ್ಯಾಸೆಟ್ ಕಂಪನಿಯೊಂದನ್ನು ಕೊಂಡೆ. ಭಕ್ತಿಗೀತೆ, ಜನಪದ, ಹರಿಕಥೆ, ಒಂದಿಷ್ಟು ಭಾವಗೀತೆ. ಆರು ತಿಂಗಳಲ್ಲಿ ಎಲ್ಲವನ್ನೂ ಡಿಜಿಟಲ್ ಮಾಡಿ ಕಾಲ ಮೇಲೆ ಕಾಲು ಹಾಕಿ ಕೂರುವುದು ನನ್ನ ಲೆಕ್ಕವಾಗಿತ್ತು. ಇನ್ನೂ ಕೂತಿಲ್ಲ.

1. ಬೇರೆಯವರು ಬಿದ್ದ ಹಳ್ಳ ನನಗೆ ಬರೀ ಸ್ಲೈಡು

ಬೀಟಲ್ಸ್ ಹಾಡುಗಳ ಇಎಂಐ ಕಂಪನಿಯ ಕಥೆ ನನಗೆ ಬಾಯಿಪಾಠ. 2007ರಲ್ಲಿ ಗೈ ಹ್ಯಾಂಡ್ಸ್ ಅವರ ಹೂಡಿಕೆ ಸಂಸ್ಥೆ ಟೆರ್ರಾ ಫರ್ಮಾ ಅದನ್ನು ಸಾಲವೂ ಸೇರಿ ಸುಮಾರು 420 ಕೋಟಿ ಪೌಂಡಿಗೆ ಕೊಂಡಿತು. ಮರುವರ್ಷ ಗೂಗಲ್‌ನಿಂದ ಡಗ್ಲಾಸ್ ಮೆರಿಲ್ ಡಿಜಿಟಲ್ ಹೊಣೆ ಹೊತ್ತು ಬಂದರು, ಸುಮಾರು ಒಂದು ವರ್ಷಕ್ಕೆ ಹೊರಟೂಬಿಟ್ಟರು. ರೋಲಿಂಗ್ ಸ್ಟೋನ್ಸ್ ತಂಡ ಇಎಂಐ ಬಿಟ್ಟು ಬೇರೆ ಕಂಪನಿ ಸೇರಿತು. 2011ರಲ್ಲಿ ಸಾಲ ಕೊಟ್ಟಿದ್ದ ಸಿಟಿಗ್ರೂಪ್ ಇಡೀ ಕಂಪನಿಯನ್ನೇ ವಶಕ್ಕೆ ತೆಗೆದುಕೊಂಡಿತು. "ಅವರನ್ನು ಕೆಡಿಸಿದ್ದು ಸಾಲ, ನಮಗೆ ಸಾಲವೇ ಇಲ್ಲ" ಎಂದು ದುಡ್ಡು ಹಾಕಿದ ಗೆಳೆಯರಿಗೆ ಹೇಳುತ್ತಿದ್ದೆ. ಕಲಾವಿದರು ಯಾಕೆ ಬಿಟ್ಟುಹೋದರು ಅಂತ ಯಾರಾದರೂ ಕೇಳಿದರೆ ಮುಂದಿನ ಸ್ಲೈಡು ಒತ್ತುತ್ತಿದ್ದೆ.

2. ತಂತ್ರಾಂಶಕ್ಕೆ ಹರಿಕಥೆ ಗೊತ್ತಿರಲಿಲ್ಲ, ನನಗೂ

ಟೇಪನ್ನು ಹಾಡು ಹಾಡಾಗಿ ಬಿಡಿಸಲು ಪ್ರೋಗ್ರಾಂ ಬರೆದೆ. ಎರಡು ಸೆಕೆಂಡು ಸದ್ದಿಲ್ಲದಿದ್ದರೆ ಅಲ್ಲಿ ಕತ್ತರಿ. ದುಶ್ಯಾಸನ ಸೀರೆಗೆ ಕೈ ಹಾಕುವಲ್ಲಿ ದಾಸರು ಉಸಿರು ಬಿಗಿಹಿಡಿದು ನಿಲ್ಲಿಸಿದ್ದರು. ಕತ್ತರಿ ಅಲ್ಲೇ ಬಿತ್ತು. ಒಂದು ಗಂಟೆಯ ಹರಿಕಥೆ 47 ತುಂಡಾಯಿತು. ಕೃಷ್ಣ ಬಂದದ್ದು 31ನೇ ತುಂಡಿನಲ್ಲಿ.

3. ಅಮ್ಮನ ಬೆರಳು ನೋಡಬೇಕಿತ್ತು

ನಾನು ನಮ್ಮ ಹಾಡುಗಳಿಗೆ ಆ್ಯಪ್ ಕಟ್ಟುತ್ತಿದ್ದ ಹೊತ್ತಿಗೆ, 2017ರಲ್ಲಿ, ಸರೆಗಮ ಕಂಪನಿ 5,000 ಹಳೆಯ ಹಾಡು ತುಂಬಿದ ಕಾರವಾನ್ ರೇಡಿಯೋ ತಂದಿತು. ತಿರುಗಿಸಲು ಗುಂಡಿ, ಒತ್ತಲು ಗುಂಡಿ. ನಮ್ಮಮ್ಮ ಅದನ್ನೇ ತರಿಸಿಕೊಂಡಳು. ಅವಳ ಫೋನಿಗೆ ನಮ್ಮ ಆ್ಯಪನ್ನು ನಾನೇ ಹಾಕಿಕೊಟ್ಟಿದ್ದೆ.

4. ಗುಜರಿಗೆ ಹಾಕುವ ಮುಂಚೆ ರಾಯರ ಮಾತು ಕೇಳಬೇಕಿತ್ತು

ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಟೇಪುಗಳೆಲ್ಲ ಹಾರ್ಡ್‌ಡಿಸ್ಕಿಗೆ ಇಳಿದ ಮೇಲೆ ಗೋಡೌನಿನ ಬಾಡಿಗೆ ದಂಡ ಅನ್ನಿಸಿತು. ಉಳಿದ ಕ್ಯಾಸೆಟ್ಟುಗಳನ್ನು ಕೆಜಿ ಲೆಕ್ಕದಲ್ಲಿ ಗುಜರಿಯವನಿಗೆ ತೂಗಿಸಿದೆ. ಮೊದಲಿನ ಮಾಲೀಕರ ಕಾಲದ ಮ್ಯಾನೇಜರ್ ರಾಯರು ಬಾಗಿಲಲ್ಲಿ ನಿಂತು, "ಕವರಾದ್ರೂ ಇಟ್ಕೊಳ್ಳಿ ಸಾರ್" ಅಂದರು. ಧೂಳು, ಜಿರಲೆ ಮೊಟ್ಟೆ, ಯಾರಿಗೆ ಬೇಕು ಅಂದೆ.

ಹಾಡಿದವರು ಯಾರು, ಬರೆದವರು ಯಾರು, ತಬಲಾ ಯಾರದು, ಎಲ್ಲ ಇದ್ದದ್ದು ಆ ಕವರಿನ ಮೇಲೆ ಮಾತ್ರ. ಟೇಪಿನ ಡಬ್ಬಿಯ ಮೇಲೆ ಬರೀ ನಂಬರು. ಹಾಡು ಏರಿಸಲು ಕೂತಾಗ ಕಲಾವಿದರ ಹೆಸರಿನ ಕಾಲಂ ಖಾಲಿ. ಮೂರು ವಾರ ಒದ್ದಾಡಿ ಕೊನೆಗೆ ಸಿಕ್ಕಸಿಕ್ಕಲ್ಲೆಲ್ಲ "ವಿವಿಧ ಕಲಾವಿದರು" ಅಂತ ತುಂಬಿದೆ. ಆಮೇಲೆ ನಾನೂ ರಾಯರೂ ಭಾನುವಾರಗಳಲ್ಲಿ ಹಳೆ ಸಾಮಾನಿನ ಅಂಗಡಿ ಸುತ್ತಿ ನಮ್ಮದೇ ಕ್ಯಾಸೆಟ್ಟು ಕೊಳ್ಳತೊಡಗಿದೆವು. ಒಬ್ಬ ಒಂದಕ್ಕೆ 200 ರೂಪಾಯಿ ಕೇಳಿದ. ಕೊಟ್ಟೆ. ರಾಯರು ಏನೂ ಅನ್ನಲಿಲ್ಲ, ಪುಣ್ಯಾತ್ಮ.

5. ಬೀರುವಿನ ಕಾಗದಕ್ಕಿಂತ ಚೀಲದ ಕಾಗದ ಗಟ್ಟಿ

ಕಲಾವಿದರ ಕರಾರುಗಳನ್ನು ಹಿಡಿದು ವಕೀಲರ ಹತ್ತಿರ ಹೋದದ್ದು ಕಂಪನಿ ಕೊಂಡ ಎರಡು ವರ್ಷದ ಮೇಲೆ. ಛಾಪಾ ಕಾಗದ, "ಸಕಲ ಹಕ್ಕು ಕೊಟ್ಟಿರುತ್ತೇನೆ" ಎಂಬ ಸಾಲು, ಕೆಲವೆಡೆ ಹೆಬ್ಬೆಟ್ಟು. ಎಷ್ಟು ವರ್ಷಕ್ಕೆ ಅಂತ ಇಲ್ಲ. 1995ರಿಂದೀಚಿನ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಕಾನೂನಿನ ಲೆಕ್ಕಕ್ಕೆ ಐದೇ ವರ್ಷ. 2012ರ ತಿದ್ದುಪಡಿಯಾದ ಮೇಲಂತೂ ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಡಲು ಬರುವುದೇ ಇಲ್ಲ.

ಅದೇ ಹೊತ್ತಿಗೆ ಹಾವೇರಿ ಕಡೆಯ ಹಿರಿಯ ಲಾವಣಿ ಗಾಯಕರೊಬ್ಬರು ಆಫೀಸಿಗೆ ಬಂದರು. "ನಮ್ಮ ಹಾಡು ಫೋನಿನ್ಯಾಗ ಬರಾಕತ್ತೈತ್ರಿ ಸಾಹೇಬ್ರ, ಹೆಸರು ಮಾತ್ರ ನಮ್ದಿಲ್ಲ." ನಾನು ತಡಬಡಿಸಿ ದುಡ್ಡಿನ ಮಾತು ತೆಗೆದೆ. ಅವರು ಕೈ ಅಡ್ಡ ಮಾಡಿ ಬಟ್ಟೆ ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಕ್ಯಾಸೆಟ್ ಕವರು ತೆಗೆದರು. ಕೆಂಪು ಪಟಗ ಸುತ್ತಿದ ಮೂವತ್ತರ ಹರೆಯದ ಅವರು, ಪಕ್ಕದಲ್ಲಿ ದಪ್ಪು ಹಿಡಿದ ತಮ್ಮ. ಕೆಳಗೆ ಮೇಳದ ಐವರ ಹೆಸರು. ಅವರಲ್ಲಿ ಮೂವರು ತೀರಿಕೊಂಡಿದ್ದಾರೆ ಅಂದರು.

ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಕವರನ್ನು ಆಫೀಸಿನಲ್ಲಿ ಇಟ್ಟುಕೊಳ್ಳಲೇ ಎಂದು ಕೇಳಿದ್ದಕ್ಕೆ ಅವರು ನಕ್ಕು ಮತ್ತೆ ಚೀಲಕ್ಕೆ ಸೇರಿಸಿದರು. ರಾಯರು ನನ್ನ ಮುಖ ನೋಡದೆ ಅವರಿಗೆ ಚಹಾ ಹೇಳಲು ಎದ್ದುಹೋದರು.