ಬೋರ್ ಆಳಕ್ಕೆ ಹೋದರೆ ಆಕಳ ಹಲ್ಲು ನೋಡಿ



ಇವತ್ತು ಸಂಜೆ ಹಾಲು ಕರೆದ ಮೇಲೆ ನಿಮ್ಮ ಆಕಳ ಕೆಳತುಟಿ ಸರಿಸಿ ಹಲ್ಲು ನೋಡಿ. ಕಂದು ಅಥವಾ ಕಪ್ಪು ಕಲೆಗಳಿವೆಯೇ? ಚಿಕ್ಕ ವಯಸ್ಸಿಗೇ ಹಲ್ಲು ಸವೆದಿವೆಯೇ? ಆಕಳು ಕುಂಟುತ್ತದೆಯೇ, ಕಾಲಿನ ಎಲುಬಿನ ಮೇಲೆ ಗಂಟು ಕೈಗೆ ಸಿಗುತ್ತದೆಯೇ? ಹಾಗಿದ್ದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರಬಹುದು. ಇಂಥ ಆಕಳು ಮೇವು ಸರಿಯಾಗಿ ಅಗಿಯಲಾರದು. ಮೈ ಇಳಿಯುತ್ತದೆ, ಹಾಲೂ ಇಳಿಯುತ್ತದೆ.

ನೀರು ಯಾಕೆ ಕೆಡುತ್ತದೆ?

ಯಾದಗಿರಿ ಕೋಟೆಯ ಬೆಟ್ಟ, ಶಹಾಪುರದ ಬುದ್ಧ ಮಲಗಿದ ಬೆಟ್ಟ ನೋಡಿದ್ದೀರಿ. ಅಂಥದೇ ಗಟ್ಟಿ ಕಲ್ಲು ನಮ್ಮ ಎಷ್ಟೋ ಹೊಲಗಳ ಕೆಳಗೂ ಇದೆ. ಮಳೆನೀರು ನಿಲ್ಲುವುದು ಮೇಲಿನ ಸಡಿಲ ಪದರ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಅದು ಖಾಲಿಯಾದಾಗ ಇನ್ನೂ ಆಳಕ್ಕೆ ಕೊರೆಸುತ್ತೇವೆ. ಆಳದ ನೀರು ಬಹುಕಾಲ ಕಲ್ಲಿಗೆ ತಾಗಿ ನಿಂತದ್ದು. ಕಲ್ಲಿನ ಫ್ಲೋರೈಡ್ ಅದರಲ್ಲಿ ಕರಗಿರುತ್ತದೆ.

ಖಾಲಿ ಮಾಡಿದವರು ಯಾರು?

8 ಲೀಟರ್ ಹಾಲು ಕೊಡುವ ಆಕಳು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 80 ಲೀಟರ್ ನೀರು ಕುಡಿಯುತ್ತದೆ ಎನ್ನೋಣ. ವರ್ಷಕ್ಕೆ 30,000 ಲೀಟರ್ ಮೀರದು. ಒಂದು ಎಕರೆ ಭತ್ತದ ಒಂದೇ ಬೆಳೆಗೆ 40ರಿಂದ 50 ಲಕ್ಷ ಲೀಟರ್ ಬೇಕು. ಅಂದರೆ ಸುಮಾರು 150 ಆಕಳು ಇಡೀ ವರ್ಷ ಕುಡಿಯುವ ನೀರು. ನಾರಾಯಣಪುರದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತರೆ ಕೊನೆಯ ಭಾಗದ ಹೊಲಗಳಿಗೆ ನೀರು ಮುಟ್ಟದು. ಅಲ್ಲಿಯವರು ಬೋರ್ ಕೊರೆಸುತ್ತಾರೆ. ಪಂಪಿಗೆ ಆಟೋ ಸ್ಟಾರ್ಟರ್ ಹಾಕಿದರೆ ಕರೆಂಟ್ ಬಂದಾಗಲೆಲ್ಲ, ಬೇಕಿರಲಿ ಬೇಡವಿರಲಿ, ನೀರು ಹರಿಯುತ್ತದೆ.

ನೀವು ಮಾಡಬಹುದಾದದ್ದು

1. ಬೋರ್ ನೀರನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಮನುಷ್ಯರು ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಕೊನೆಯ ಮಿತಿ. ದನಗಳಿಗೂ 2 ಮಿಲಿಗ್ರಾಂ ದಾಟದಿರಲಿ.

2. ಒಳ್ಳೆಯ ನೀರು ಕಡಿಮೆಯಿದ್ದರೆ ಮೊದಲು ಕರುಗಳಿಗೆ ಕೊಡಿ. ಕಾಯಂ ಹಲ್ಲು ಒಳಗೆ ಬೆಳೆಯುವ ವಯಸ್ಸಿನಲ್ಲೇ ಕಲೆ ಬೀಳುತ್ತದೆ. ಆಮೇಲೆ ಯಾವ ಔಷಧಿಗೂ ಹೋಗದು.

3. ಶುದ್ಧ ನೀರಿನ ಘಟಕದಿಂದ ಹೊರಬಿಡುವ ನೀರನ್ನು ದನದ ತೊಟ್ಟಿಗೆ ಹರಿಸಬೇಡಿ. ನಮಗಾಗಿ ತೆಗೆದ ಫ್ಲೋರೈಡ್ ಅದರಲ್ಲೇ ಉಳಿದಿರುತ್ತದೆ.

4. 10 ಅಡಿ ಅಗಲ, 30 ಅಡಿ ಉದ್ದದ ಕೊಟ್ಟಿಗೆಯ ತಗಡಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 500 ಲೀಟರಿಗೂ ಹೆಚ್ಚು ನೀರು. ಮೊದಲ ಮಳೆ ಬಿಟ್ಟು, ಉಳಿದದ್ದನ್ನು ಡ್ರಮ್ಮಿಗೆ ಹಿಡಿಯಿರಿ.

5. ಹಿಂಗಾರಿನಲ್ಲಿ ಎರೆಹೊಲಕ್ಕೆ ಬಿಳಿಜೋಳ ಹಾಕಿಸಿ. ಪಂಪಿಲ್ಲದೆ ಮನೆಗೆ ಕಾಳು, ಆಕಳಿಗೆ ಕಣಕಿ ಬರುತ್ತದೆ. ಆಟೋ ಸ್ಟಾರ್ಟರ್ ತೆಗೆಸುವ ಮಾತನ್ನೂ ಮನೆಯಲ್ಲಿ ನೀವೇ ಎತ್ತಿ.

ಇಂಥ ಆಕಳ ಹಾಲು ಕುಡಿಯಬಹುದೇ ಎಂದು ಹಲವರು ಕೇಳುತ್ತಾರೆ. ಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಕಡಿಮೆ, ಆ ಹೆದರಿಕೆ ಬೇಡ. ಆದರೆ ಆಕಳು ಕುಡಿಯುವ ಬೋರಿನಿಂದಲೇ ನಿಮ್ಮ ಮಕ್ಕಳೂ ಕುಡಿಯುತ್ತಿದ್ದರೆ, ಆಕಳ ಹಲ್ಲು ನೋಡಿದ ಮೇಲೆ ಮಕ್ಕಳ ಹಲ್ಲನ್ನೂ ನೋಡಿ.